ಉಟ್ಟ ಬಟ್ಟೆಯ ಮರುಪಯಣ: ಹಳೆಯ ವಸ್ತ್ರಗಳ ವ್ಯಾಪಾರದ ಚರಿತ್ರೆ ಮತ್ತು ನೀತಿ

ಅನ್ನ, ವಸ್ತ್ರ, ವಸತಿ ಎಂಬ ಮೂರು ಅವಶ್ಯಕತೆಗಳಲ್ಲಿ ನಡುವಣದಾದ ವಸ್ತ್ರಕ್ಕೆ ಒಂದು ವಿಶೇಷವಿದೆ. ಒಬ್ಬರು ಉಂಡ ಅನ್ನವನ್ನು ಮತ್ತೊಬ್ಬರು ಉಣ್ಣಲಾರರು. ಕಟ್ಟಿದ ಮನೆಯನ್ನು ಎತ್ತಿ ಬೇರೊಂದೂರಿಗೆ ಒಯ್ಯಲಾಗದು. ಬಟ್ಟೆಯಾದರೋ ಒಬ್ಬರ ಮೈಯಿಂದ ಇಳಿದು ಇನ್ನೊಬ್ಬರ ಮೈಯನ್ನು ಏರಬಲ್ಲದು. ಊರಿಂದೂರಿಗೆ, ದೇಶದಿಂದ ದೇಶಕ್ಕೆ ಸಾಗಬಲ್ಲದು. ಈ ಕಾರಣದಿಂದಲೇ ಉಟ್ಟು ಬಿಟ್ಟ ಬಟ್ಟೆಗಳ ವ್ಯಾಪಾರವು ಜವಳಿ ವ್ಯಾಪಾರದಷ್ಟೇ ಪ್ರಾಚೀನವಾದುದು. ಇಂದು ತರುಣ ತರುಣಿಯರು ಕೈಯಲ್ಲಿನ ಫೋನಿನ ಮೂಲಕ ತಮ್ಮ ಉಡುಪುಗಳನ್ನು ಅಪರಿಚಿತರಿಗೆ ಮಾರಿ, ಅಪರಿಚಿತರ ಉಡುಪುಗಳನ್ನು ಕೊಂಡು, ಹಾಗೆ ಮಾಡುತ್ತ ಮಾಡುತ್ತ ತಮಗೊಪ್ಪುವ ಉಡುಗೆ ಯಾವುದೆಂದು ಕಂಡುಕೊಳ್ಳುತ್ತಿರುವರು. ಇದು ಹೊಸ ಕಾಲದ ವಿಲಾಸವೆಂದು ಹಿರಿಯರು ಭಾವಿಸುವುದುಂಟು; ಪರಿಸರ ಸೇವೆಯೆಂದು ಕಿರಿಯರು ವಾದಿಸುವುದುಂಟು. ಚರಿತ್ರೆಯನ್ನು ನೋಡಿದರೆ ಈ ಎರಡು ಮಾತುಗಳೂ ಅರ್ಧಸತ್ಯವೆಂದು ತಿಳಿಯುತ್ತದೆ. ಆ ಚರಿತ್ರೆಯನ್ನು ಸಂಕ್ಷೇಪವಾಗಿ ಓದುಗರ ಮುಂದಿಟ್ಟು, ಅದರಿಂದ ಹುಟ್ಟುವ ನೀತಿಯ ಪ್ರಶ್ನೆಗಳನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಬಟ್ಟೆಯೇ ಆಸ್ತಿಯಾಗಿದ್ದ ಕಾಲ

ಯಂತ್ರಗಳು ಬರುವ ಮುನ್ನ ಬಟ್ಟೆ ಅತ್ಯಂತ ಶ್ರಮಸಾಧ್ಯವಾದ ವಸ್ತುವಾಗಿತ್ತು. ಒಂದು ಮಗ್ಗಕ್ಕೆ ಸಾಕಾಗುವಷ್ಟು ನೂಲನ್ನು ಒದಗಿಸಲು ಹಲವು ಕೈಗಳು ಹಗಲಿರುಳು ನೂಲಬೇಕಾಗಿತ್ತು. ಆದ್ದರಿಂದ ಸಾಮಾನ್ಯ ಕುಟುಂಬದ ಆಸ್ತಿಯಲ್ಲಿ ಬಟ್ಟೆಗಳದು ದೊಡ್ಡ ಪಾಲು. ಯುರೋಪಿನ ಹಳೆಯ ಮರಣಶಾಸನಗಳಲ್ಲಿ ಹೊಲ, ಮನೆ, ಪಾತ್ರೆಗಳ ಜೊತೆಗೆ ನಿಲುವಂಗಿ, ಲಂಗ, ಹಾಸುವಸ್ತ್ರಗಳನ್ನು ಯಾರಿಗೆ ಕೊಡಬೇಕೆಂದು ಬರೆದಿರುವುದನ್ನು ಕಾಣಬಹುದು. ಮನೆಗೆಲಸದವರಿಗೆ ಒಡೆಯರ ಹಳೆಯ ಉಡುಪು ಸಂಬಳದ ಒಂದು ಭಾಗವೇ ಆಗಿತ್ತು. ಅವರು ಅದನ್ನು ಉಡುತ್ತಿದ್ದರು, ಇಲ್ಲವೇ ಮಾರಿ ಹಣ ಮಾಡಿಕೊಳ್ಳುತ್ತಿದ್ದರು. ಬಟ್ಟೆಯನ್ನು ಅಡವಿಟ್ಟು ಸಾಲ ಪಡೆಯುವುದು ಬಡವರ ನಿತ್ಯವ್ಯವಹಾರವಾಗಿತ್ತು.

ಇಂಥ ಬೆಲೆಬಾಳುವ ಸರಕಿಗೆ ವ್ಯವಸ್ಥಿತವಾದ ಮಾರುಕಟ್ಟೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ರಿಗತ್ತಿಯೇರಿ ಎಂಬ, ವೆನಿಸ್ ನಗರದಲ್ಲಿ ಸ್ತ್ರಾತ್ಸರೋಲಿ ಎಂಬ ಹಳೆಬಟ್ಟೆ ವರ್ತಕರ ಸಂಘಗಳೇ ಇದ್ದವು. ವೆನಿಸ್ ಸರಕಾರವು 1516ರಲ್ಲಿ ಯಹೂದಿಗಳನ್ನು ಘೆಟ್ಟೊ ಎಂಬ ಪ್ರತ್ಯೇಕ ಕೇರಿಯಲ್ಲಿ ನೆಲೆಗೊಳಿಸಿದಾಗ, ಅವರಿಗೆ ಅನುಮತಿಸಿದ ಕೆಲವೇ ವೃತ್ತಿಗಳಲ್ಲಿ ಹಳೆಯ ವಸ್ತುಗಳ ವ್ಯಾಪಾರವೂ ಒಂದು. ಹೊಸದನ್ನು ಮಾರುವ ಗೌರವ ಒಬ್ಬರಿಗೆ, ಹಳೆಯದನ್ನು ಮಾರುವ ಕಳಂಕ ಇನ್ನೊಬ್ಬರಿಗೆ ಎಂಬ ಈ ವಿಭಜನೆ ಮುಂದಿನ ಶತಮಾನಗಳಲ್ಲಿಯೂ, ಬೇರೆ ದೇಶಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಹಳೆಬಟ್ಟೆಯನ್ನು ಎಲ್ಲರೂ ಬಯಸಿದರು. ಅದನ್ನು ಹೊತ್ತು ತಂದವರನ್ನು ಮಾತ್ರ ದೂರವಿಟ್ಟರು.

ಲಂಡನ್ನಿನ ಚಿಂದಿ ಸಂತೆ

ಈ ವ್ಯಾಪಾರದ ಅತ್ಯಂತ ವಿವರವಾದ ದಾಖಲೆಗಳು ದೊರೆಯುವುದು ಲಂಡನ್ ನಗರದಿಂದ. ಗೋಪುರಕೋಟೆಯ ಸಮೀಪದ ರೋಸ್‌ಮೆರಿ ಲೇನ್‌ನಲ್ಲಿ ‘ರಾಗ್ ಫೇರ್’ ಎಂಬ ಚಿಂದಿ ಸಂತೆ 18ನೆಯ ಶತಮಾನದಲ್ಲಿ ಪ್ರಸಿದ್ಧವಾಗಿತ್ತು. ಮನ್‌ಮತ್ ಬೀದಿಯ ಹಳೆಬಟ್ಟೆ ಅಂಗಡಿಗಳ ಬಗ್ಗೆ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅವರು 1836ರಲ್ಲಿ ಒಂದು ಪ್ರಬಂಧವನ್ನೇ ಬರೆದರು. 1843ರಲ್ಲಿ ಹೌಂಡ್ಸ್‌ಡಿಚ್ ಪ್ರದೇಶದಲ್ಲಿ ಹಳೆಬಟ್ಟೆಗಳಿಗಾಗಿಯೇ ಒಂದು ವಿನಿಮಯ ಕೇಂದ್ರ ಸ್ಥಾಪನೆಯಾಯಿತು. ಹೆನ್ರಿ ಮೇಹ್ಯೂ ಅವರು 1851ರಿಂದ ಪುಸ್ತಕರೂಪದಲ್ಲಿ ಪ್ರಕಟಿಸಿದ ‘ಲಂಡನ್ ಲೇಬರ್ ಅಂಡ್ ದಿ ಲಂಡನ್ ಪೂರ್’ ಎಂಬ ಗ್ರಂಥದಲ್ಲಿ ಈ ಕೇಂದ್ರದ ವಿವರಗಳಿವೆ. ಬೀದಿ ಬೀದಿಗಳಲ್ಲಿ ಕೂಗುತ್ತ ಸಂಗ್ರಹಿಸಿದ ಬಟ್ಟೆಗಳು ಇಲ್ಲಿಗೆ ಬಂದು, ಗುಣಕ್ಕೆ ತಕ್ಕಂತೆ ವಿಂಗಡವಾಗಿ, ಸಗಟು ವರ್ತಕರ ಕೈಸೇರಿ, ಐರ್ಲೆಂಡಿಗೂ ಇತರ ದೇಶಗಳಿಗೂ ಹೋಗುತ್ತಿದ್ದವು.

ಮೇಹ್ಯೂ ಅವರು ಬರೆದಿರುವ ಒಂದು ಸಂಗತಿ ನಮಗೆ ಬಹಳ ಪರಿಚಿತವೆನಿಸುತ್ತದೆ. ಪಿಂಗಾಣಿ ಬಟ್ಟಲು, ಗಾಜಿನ ಸಾಮಾನುಗಳನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಹೋಗಿ, ಹಣದ ಬದಲು ಹಳೆಯ ಬಟ್ಟೆಗಳನ್ನು ಪಡೆಯುವ ವ್ಯಾಪಾರಿಗಳು ಲಂಡನ್ನಿನಲ್ಲಿ ಇದ್ದರು. ಪಿಂಗಾಣಿಯ ಜಾಗದಲ್ಲಿ ಸ್ಟೀಲ್ ಪಾತ್ರೆಯನ್ನಿಟ್ಟರೆ ಇದು ನಮ್ಮ ಬೀದಿಗಳ ಚಿತ್ರವೇ ಹೌದು.

ಎಡೊ ನಗರದ ಹಳೆಬಟ್ಟೆ ಪೇಟೆ

ಇಂದಿನ ಟೋಕಿಯೊ ಹಿಂದೆ ಎಡೊ ಎಂಬ ಹೆಸರಿನಿಂದ ಶೋಗನ್ನರ ರಾಜಧಾನಿಯಾಗಿತ್ತು. ಅಲ್ಲಿನ ತೊಮಿಜಾವಾ-ಚೊ ಎಂಬ ಪೇಟೆಯೂ, ಕಾಂದಾ ನದಿಯ ದಂಡೆಯ ಯಾನಗಿಹಾರವೂ ಹಳೆಬಟ್ಟೆಗೆ ಹೆಸರಾಗಿದ್ದವು. ಕಿಮೊನೊ ಎಂಬ ಉಡುಪು ಈ ವ್ಯಾಪಾರಕ್ಕೆ ಬಹಳ ಅನುಕೂಲ. ಅದನ್ನು ನೇರವಾದ ಪಟ್ಟಿಗಳಿಂದ ಹೊಲಿಯುತ್ತಿದ್ದುದರಿಂದ ಹೊಲಿಗೆ ಬಿಚ್ಚಿ, ಒಗೆದು, ಮತ್ತೊಬ್ಬರ ಅಳತೆಗೆ ಹೊಲಿಯುವುದು ಸುಲಭವಾಗಿತ್ತು. ಹತ್ತಿ ಬೆಳೆಯದ ಉತ್ತರದ ಚಳಿಪ್ರದೇಶಗಳಿಗೆ ಹಡಗುಗಳಲ್ಲಿ ಹಳೆಯ ಹತ್ತಿಬಟ್ಟೆಗಳು ಹೋಗುತ್ತಿದ್ದವು. ಅಲ್ಲಿನ ರೈತಾಪಿ ಹೆಂಗಸರು ತೇಪೆಯ ಮೇಲೆ ತೇಪೆ ಹಾಕಿ ಮಾಡಿದ ‘ಬೊರೊ’ ಎಂಬ ಉಡುಪುಗಳನ್ನು ಈಗ ವಸ್ತುಸಂಗ್ರಹಾಲಯಗಳಲ್ಲಿ ಇಟ್ಟಿರುವರು.

ತೊಮಿಜಾವಾ ಪೇಟೆಯ ಹೆಸರಿನ ಬಗ್ಗೆ ಒಂದು ಐತಿಹ್ಯವಿದೆ. ಜಿನ್ನಾಯ್ ಎಂಬ ದರೋಡೆಕೋರನಿಗೆ ಆಡಳಿತವು ಪ್ರಾಣದಾನ ಮಾಡಿ, ಕಳ್ಳರನ್ನು ಹಿಡಿದುಕೊಡುವ ಷರತ್ತಿನ ಮೇಲೆ ಹಳೆಬಟ್ಟೆ ವ್ಯಾಪಾರದ ಯಜಮಾನಿಕೆಯನ್ನು ಕೊಟ್ಟಿತಂತೆ. ಕಥೆ ನಿಜವಿರಲಿ ಬಿಡಲಿ, ಅದು ಹುಟ್ಟಿದ ಕಾರಣ ನಿಜವಾದುದು: ಕದ್ದ ಮಾಲು ಮೊದಲು ಬರುವುದು ಹಳೆಬಟ್ಟೆ ಅಂಗಡಿಗೆ. ಎಡೊ ಆಡಳಿತವು ಗಿರವಿ ಅಂಗಡಿಯವರನ್ನೂ ಹಳೆಬಟ್ಟೆ ವರ್ತಕರನ್ನೂ ಗುಂಪುಗಳಾಗಿ ನೋಂದಾಯಿಸಿ, ಕದ್ದ ವಸ್ತುಗಳ ಬಗ್ಗೆ ಎಚ್ಚರವಹಿಸುವ ಹೊಣೆಯನ್ನು ಅವರ ಮೇಲೆಯೇ ಹೊರಿಸಿತು. ಇಂಗ್ಲೆಂಡಿನಲ್ಲಿಯೂ ಬಟ್ಟೆಯ ಕಳವು ಬಹು ಸಾಮಾನ್ಯವಾದ ಅಪರಾಧವಾಗಿತ್ತೆಂದು ಇತಿಹಾಸಕಾರ್ತಿ ಬೆವರ್ಲಿ ಲೆಮೈರ್ ಅವರು ನ್ಯಾಯಾಲಯದ ದಾಖಲೆಗಳಿಂದ ತೋರಿಸಿಕೊಟ್ಟಿರುವರು. ಸುಲಭವಾಗಿ ಹಣವಾಗುವ ವಸ್ತುವಿಗೆ ಕಳ್ಳರೂ ಸುಲಭವಾಗಿ ಕೈಹಾಕುತ್ತಾರೆ.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಪರರು ಉಟ್ಟ ಬಟ್ಟೆಯ ಬಗ್ಗೆ ಮಡಿ-ಮೈಲಿಗೆಯ ಸಂಕೋಚ ಬಹಳ. ಆದರೂ ಮನೆಯೊಳಗೆ ಬಟ್ಟೆ ಸದಾ ಕೈಬದಲಾಗುತ್ತಲೇ ಬಂದಿದೆ. ಅಣ್ಣನ ಅಂಗಿ ತಮ್ಮನಿಗಾಯಿತು. ಅಜ್ಜಿಯ ಮೆತ್ತನೆಯ ಹಳೆಯ ಸೀರೆಯಲ್ಲಿ ಹಸುಗೂಸನ್ನು ಸುತ್ತಿದರು. ಉಡಲಾಗದಷ್ಟು ಜೀರ್ಣವಾದ ಸೀರೆ ಪಂಚೆಗಳು ಉತ್ತರ ಕರ್ನಾಟಕದಲ್ಲಿ ಕೌದಿಯಾದವು, ಬಂಗಾಳದಲ್ಲಿ ಕಾಂಥಾ ಆದವು. ಜರಿ ಸೀರೆ ಹಳತಾದರೆ ಅದರ ಬೆಳ್ಳಿಗಾಗಿ ಕೊಳ್ಳುವವರು ಮನೆಬಾಗಿಲಿಗೆ ಬರುತ್ತಿದ್ದರು.

ಮನೆಯ ಹೊರಗಿನ ವ್ಯಾಪಾರವನ್ನು ನಡೆಸಿದವರಲ್ಲಿ ಗುಜರಾತ್ ಮೂಲದ ವಾಘ್ರಿ ಸಮುದಾಯದ ಮಹಿಳೆಯರು ಪ್ರಮುಖರು. ಪಾತ್ರೆಗಳನ್ನು ತಲೆಯ ಮೇಲೆ ಹೊತ್ತು, ಮಧ್ಯಮವರ್ಗದ ಗೃಹಿಣಿಯೊಡನೆ ಗಂಟೆಗಟ್ಟಲೆ ಚೌಕಾಶಿ ಮಾಡಿ ಪಡೆದ ಬಟ್ಟೆಗಳನ್ನು ಅವರು ದೆಹಲಿಯ ರಘುಬೀರ್ ನಗರದಂಥ ಬೆಳಗಿನ ಜಾವದ ಸಂತೆಗಳಲ್ಲಿ ಮಾರುತ್ತಾರೆ. ಅಲ್ಲಿಂದ ಒಳ್ಳೆಯವು ತೇಪೆ, ಇಸ್ತ್ರಿಗಳನ್ನು ಕಂಡು ಬಡವರ ಮೈಮೇಲೆ ಹೋಗುತ್ತವೆ, ಉಳಿದವು ಚಿಂದಿಯಾಗುತ್ತವೆ. ಲೂಸಿ ನಾರಿಸ್ ಎಂಬ ಮಾನವಶಾಸ್ತ್ರಜ್ಞೆ ಈ ಸರಪಳಿಯನ್ನು ಅಧ್ಯಯನ ಮಾಡಿ 2010ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ವಿದೇಶದ ಹಳೆಯ ಉಣ್ಣೆಯ ಉಡುಪುಗಳನ್ನು ಕತ್ತರಿಸಿ, ಹಿಂಜಿ, ಮತ್ತೆ ನೂಲಾಗಿಸಿ ಕಂಬಳಿ ನೇಯುವ ಹರಿಯಾಣದ ಪಾಣಿಪತ್ ಈ ಉದ್ಯಮದಲ್ಲಿ ಜಗತ್ಪ್ರಸಿದ್ಧ. ಹಳೆಯ ಉಣ್ಣೆಯಿಂದ ಹೀಗೆ ನೂಲು ತೆಗೆಯುವ ಉದ್ಯಮವು 1813ರ ಸುಮಾರಿಗೆ ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಎಂಬವರಿಂದ ಆರಂಭವಾಯಿತೆಂದು ಹೇಳುತ್ತಾರೆ.

ಅವಶ್ಯಕತೆಯಿಂದ ಅಭಿರುಚಿಗೆ

19ನೆಯ ಶತಮಾನದಲ್ಲಿ ಗಿರಣಿಗಳೂ ಹೊಲಿಗೆಯಂತ್ರವೂ ಬಂದು ಸಿದ್ಧ ಉಡುಪು ಅಗ್ಗವಾದ ಮೇಲೆ, ಪಾಶ್ಚಾತ್ಯ ದೇಶಗಳಲ್ಲಿ ಹಳೆಬಟ್ಟೆಯ ಬೆಲೆ ಕುಸಿಯಿತು. ಅದು ವರ್ತಕರ ಕೈಯಿಂದ ಧರ್ಮಸಂಸ್ಥೆಗಳ ಕೈಗೆ ಹೋಯಿತು. ಅಮೆರಿಕದ ಬೋಸ್ಟನ್ ನಗರದಲ್ಲಿ 1902ರಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿಯಿಂದ ಆರಂಭವಾದ ಗುಡ್‌ವಿಲ್ ಸಂಸ್ಥೆ, 1940ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ತೆರೆದ ಆಕ್ಸ್‌ಫ್ಯಾಮ್ ಅಂಗಡಿ ಇವು ದಾನವಾಗಿ ಬಂದ ಬಟ್ಟೆಯನ್ನು ಮಾರಿ ಆ ಹಣವನ್ನು ಸೇವೆಗೆ ಬಳಸಿದವು.

ಬಳಿಕ ಒಂದು ವಿಚಿತ್ರ ಪರಿವರ್ತನೆಯಾಯಿತು. ಹೊಸ ಬಟ್ಟೆ ಎಲ್ಲರಿಗೂ ಎಟುಕುವಂತಾದಾಗ, ಎಲ್ಲರೂ ಒಂದೇ ಬಗೆಯಾಗಿ ಕಾಣತೊಡಗಿದರು. ಆಗ ಹಳೆಯ ಬಟ್ಟೆಯೇ ವ್ಯಕ್ತಿತ್ವದ ಗುರುತಾಯಿತು. 1960ರ ದಶಕದಲ್ಲಿ ಲಂಡನ್ನಿನ ಪೋರ್ಟೊಬೆಲೊ ರಸ್ತೆಯ ಒಂದು ಅಂಗಡಿ ಹಳೆಯ ಸೈನಿಕ ಸಮವಸ್ತ್ರಗಳನ್ನು ಮಾರುತ್ತಿತ್ತು. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ರಂಥ ಕಲಾವಿದರು ಅಂಥ ಅಂಗಿಗಳನ್ನು ತೊಟ್ಟು ವೇದಿಕೆಗೇರಿದರು. ಬಡತನದ ಚಿಹ್ನೆಯಾಗಿದ್ದುದು ಅಭಿರುಚಿಯ ಚಿಹ್ನೆಯಾದದ್ದು ಹೀಗೆ. ಆದರೆ ಬೇಕಾದ ಅಳತೆ, ಬೇಕಾದ ಬಣ್ಣ ಸಿಗುವುದು ಅದೃಷ್ಟದ ಮಾತಾಗಿತ್ತು. ಮಾರುವವನೊಬ್ಬ ಒಂದೂರಿನಲ್ಲಿ, ಕೊಳ್ಳುವವನೊಬ್ಬ ಇನ್ನೊಂದೂರಿನಲ್ಲಿ. ಇಬ್ಬರೂ ಭೇಟಿಯಾಗುವ ಉಪಾಯವಿರಲಿಲ್ಲ.

ಅಂತರ್ಜಾಲದ ಸಂತೆ

1995ರ ಸೆಪ್ಟೆಂಬರಿನಲ್ಲಿ ಪಿಯೆರ್ ಒಮಿಡ್ಯಾರ್ ಅವರು ಕ್ಯಾಲಿಫೋರ್ನಿಯಾದಲ್ಲಿ ‘ಆಕ್ಷನ್ ವೆಬ್’ ಎಂಬ ಹರಾಜುಕಟ್ಟೆಯನ್ನು ಅಂತರ್ಜಾಲದಲ್ಲಿ ತೆರೆದರು. ಅಲ್ಲಿ ಮಾರಾಟವಾದ ಮೊದಲ ವಸ್ತು ಕೆಟ್ಟುಹೋದ ಲೇಸರ್ ಕಡ್ಡಿ. ಬೆಲೆ 14 ಡಾಲರ್ 83 ಸೆಂಟ್. ಈ ಕಟ್ಟೆಯೇ 1997ರಲ್ಲಿ ‘ಇಬೇ’ ಎಂಬ ಹೆಸರು ಪಡೆಯಿತು. ವಾಣಿಜ್ಯದ ವಿದ್ಯಾರ್ಥಿಯ ದೃಷ್ಟಿಯಲ್ಲಿ ಅದರ ದೊಡ್ಡ ಸಾಧನೆ ಹರಾಜಲ್ಲ. 1996ರಲ್ಲಿ ಅದು ತಂದ ಪರಸ್ಪರ ಅಭಿಪ್ರಾಯದ ಪದ್ಧತಿ. ಕೊಂಡವನು ಮಾರಿದವನ ಬಗ್ಗೆಯೂ, ಮಾರಿದವನು ಕೊಂಡವನ ಬಗ್ಗೆಯೂ ಬಹಿರಂಗವಾಗಿ ಬರೆಯುವ ವ್ಯವಸ್ಥೆಯದು. ಪೇಟೆಯಲ್ಲಿ ತಲೆಮಾರುಗಳಿಂದ ಗಳಿಸಬೇಕಾದ ‘ಪತ್ತು’ ಇಲ್ಲಿ ಅಪರಿಚಿತರ ನಡುವೆ ಕೆಲವೇ ತಿಂಗಳುಗಳಲ್ಲಿ ಹುಟ್ಟಿತು.

ಉಡುಪುಗಳಿಗಾಗಿಯೇ ಮೀಸಲಾದ ತಾಣಗಳು ಬಳಿಕ ಬಂದವು. 2008ರಲ್ಲಿ ಲಿಥುವೇನಿಯದ ವಿಲ್ನಿಯಸ್‌ನಲ್ಲಿ ವಿಂಟೆಡ್, 2009ರಲ್ಲಿ ಪ್ಯಾರಿಸಿನಲ್ಲಿ ವೆಸ್ಟಿಯೇರ್ ಕಲೆಕ್ಟಿವ್, 2011ರಲ್ಲಿ ಮಿಲಾನ್‌ನಲ್ಲಿ ಡೆಪಾಪ್, ಅದೇ ವರ್ಷ ಅಮೆರಿಕದಲ್ಲಿ ಪಾಶ್‌ಮಾರ್ಕ್ ಆರಂಭವಾದವು. ಪಾಶ್‌ಮಾರ್ಕ್‌ನ ಸ್ಥಾಪಕರಲ್ಲಿ ಪ್ರಮುಖರು ಭಾರತ ಮೂಲದ ಮನೀಶ್ ಚಂದ್ರ ಅವರು. ಡೆಪಾಪ್ ಸಂಸ್ಥೆಯನ್ನು 2021ರಲ್ಲಿ ಎಟ್ಸಿ ಸಂಸ್ಥೆಯು 162.5 ಕೋಟಿ ಡಾಲರುಗಳಿಗೆ ಕೊಂಡಿತೆಂದರೆ, ಹೌಂಡ್ಸ್‌ಡಿಚ್‌ನ ಕಳಂಕಿತ ವ್ಯಾಪಾರವು ಎಲ್ಲಿಗೆ ಬಂದು ನಿಂತಿದೆಯೆಂಬುದನ್ನು ಓದುಗರು ಊಹಿಸಬಹುದು.

ಉಡುಗೆಯ ಲೆಕ್ಕ

ಈ ಕೊಡುಕೊಳ್ಳುವಿಕೆಯಿಂದ ಉಡುಗೆಯ ಅಭಿರುಚಿ ಪರಿಷ್ಕಾರಗೊಳ್ಳುವುದೆಂದು ಹೇಳುವ ಮಾತಿನಲ್ಲಿ ಹುರುಳಿದೆ. ಇದನ್ನು ಲೆಕ್ಕದ ಮೂಲಕ ತೋರಿಸಬಹುದು. ಒಬ್ಬರು 4000 ರೂಪಾಯಿಯ ಹೊಸ ಕೋಟನ್ನು ಕೊಂಡು 10 ಸಲ ತೊಟ್ಟು ಬೀರುವಿನಲ್ಲಿ ಇಟ್ಟರೆಂದುಕೊಳ್ಳೋಣ. ಪ್ರತಿ ಸಲದ ವೆಚ್ಚ 400 ರೂಪಾಯಿ. ಅದನ್ನೇ 1500ಕ್ಕೆ ಮಾರಿದರೆ ನಷ್ಟ 2500, ಪ್ರತಿ ಸಲಕ್ಕೆ 250. ಕೊಂಡವರು ಅಂಚೆವೆಚ್ಚ 100 ಸೇರಿ 1600 ತೆತ್ತು, 20 ಸಲ ತೊಟ್ಟು, 1100ಕ್ಕೆ ಮಾರಿದರೆ ಅವರ ವೆಚ್ಚ 500. ಪ್ರತಿ ಸಲಕ್ಕೆ ಕೇವಲ 25. ತಾಣದವರ ದಲ್ಲಾಳಿಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದರೂ ತತ್ತ್ವ ಬದಲಾಗದು. ಸವಕಳಿಯ ದೊಡ್ಡ ಪಾಲನ್ನು ಮೊದಲ ಒಡೆಯನೇ ಹೊರುತ್ತಾನೆ. ಎರಡನೆಯವನು ಅಲ್ಪ ವೆಚ್ಚದಲ್ಲಿ ಪರೀಕ್ಷೆ ಮಾಡಿ ನೋಡಬಲ್ಲ: ಈ ಬಣ್ಣ ತನಗೆ ಒಪ್ಪುವುದೇ, ಈ ಕತ್ತರಿಕೆ ತನ್ನ ಕೆಲಸಕ್ಕೆ ಹೊಂದುವುದೇ ಎಂದು.

ಕೊಳ್ಳುವುದಕ್ಕಿಂತ ಮಾರುವುದು ಹೆಚ್ಚು ಕಲಿಸುತ್ತದೆ. ಮಾರಬೇಕಾದರೆ ಬಟ್ಟೆಯನ್ನು ಬೆಳಕಿನಲ್ಲಿ ಹರಡಿ ಪರರ ಕಣ್ಣಿನಿಂದ ನೋಡಬೇಕು. ಒಂದು ಕಂಪನಿಯ ‘ಮೀಡಿಯಂ’ ಇನ್ನೊಂದರ ‘ಲಾರ್ಜ್’ ಆಗಿರುವುದರಿಂದ ಎದೆ, ತೋಳು, ಉದ್ದಗಳನ್ನು ಟೇಪು ಹಿಡಿದು ಅಳೆಯಬೇಕು. ನೂಲಿನ ವಿವರವನ್ನು ಪಟ್ಟಿಯಿಂದ ಓದಬೇಕು. ಬಿಟ್ಟ ಹೊಲಿಗೆ, ಕಳೆದ ಗುಂಡಿ, ಕಲೆಗಳನ್ನು ಬರೆದು ತಿಳಿಸಬೇಕು. ಹೀಗೆ ಮಾಡುವಾಗ ‘ಇದನ್ನು ನಾನೇಕೆ ಕೊಂಡೆ? ಏಕೆ ಉಡಲಿಲ್ಲ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮಾರಿದ ಬಟ್ಟೆಗಳ ಪಟ್ಟಿಯೊಂದನ್ನು ವರ್ಷದ ಕೊನೆಯಲ್ಲಿ ಓದಿದರೆ ತಮ್ಮ ಆಸೆಗಳ ಸ್ವರೂಪವೇ ಅದರಲ್ಲಿ ಕಾಣಿಸುತ್ತದೆ. ಮತ್ತೆ ಮತ್ತೆ ಕೊಂಡು ಮತ್ತೆ ಮತ್ತೆ ಮಾರಿದ ಬಗೆ ಯಾವುದು, ವರ್ಷಗಟ್ಟಲೆ ಕೈಬಿಡದೆ ಉಟ್ಟದ್ದು ಯಾವುದು ಎಂಬ ಎರಡು ಕಲಮುಗಳೇ ಅಭಿರುಚಿಯ ಶಿಕ್ಷಣಕ್ಕೆ ಸಾಕು.

ಮಾರುವವನ ಮಾತು

ಈ ವ್ಯಾಪಾರದ ನೀತಿಯೆಲ್ಲ ನಿಂತಿರುವುದು ವರ್ಣನೆಯ ಸತ್ಯದ ಮೇಲೆ. ಹಿಂದಿನ ಸಂತೆಯಲ್ಲಿ ಕೊಳ್ಳುವವನು ಬಟ್ಟೆಯನ್ನು ಮುಟ್ಟಿ, ಎಳೆದು, ಮೂಸಿ ನೋಡುತ್ತಿದ್ದ. ಈಗ ಅವನು ನೋಡುವುದು ಚಿತ್ರವನ್ನು, ನಂಬುವುದು ಮಾತನ್ನು. ಚಿತ್ರದ ಮೂಲೆಗೆ ಕಲೆಯನ್ನು ಸರಿಸುವುದು, ‘ಒಮ್ಮೆ ಮಾತ್ರ ತೊಟ್ಟದ್ದು’ ಎಂದು ಬರೆಯುವುದು ಬಹಳ ಸುಲಭ. ಇದಕ್ಕಿಂತ ದೊಡ್ಡದು ನಕಲಿ ಮಾಲಿನ ಹಾವಳಿ. 2008ರಲ್ಲಿ ಪ್ಯಾರಿಸಿನ ವಾಣಿಜ್ಯ ನ್ಯಾಯಾಲಯವು ನಕಲಿ ವಸ್ತುಗಳ ಮಾರಾಟವನ್ನು ತಡೆಯಲಿಲ್ಲವೆಂದು ಇಬೇ ಸಂಸ್ಥೆಗೆ ಸುಮಾರು 4 ಕೋಟಿ ಯೂರೋ ಪರಿಹಾರವನ್ನು ವಿಧಿಸಿತು. ಮೇಲ್ಮನವಿಯಲ್ಲಿ ಆ ಮೊತ್ತ ಬಹಳಷ್ಟು ಇಳಿಯಿತು. ಟಿಫನಿ ಆಭರಣ ಸಂಸ್ಥೆ ಹೂಡಿದ ಅಂಥದೇ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು 2010ರಲ್ಲಿ, ಇಂಥ ವಸ್ತು ನಕಲಿಯೆಂದು ನಿರ್ದಿಷ್ಟವಾಗಿ ತಿಳಿದಿರದ ಹೊರತು ಟ್ರೇಡ್‌ಮಾರ್ಕ್ ಉಲ್ಲಂಘನೆಗೆ ತಾಣದವರು ಹೊಣೆಗಾರರಲ್ಲವೆಂದು ತೀರ್ಪಿತ್ತಿತು. ಎರಡು ದೇಶಗಳು, ಎರಡು ತೀರ್ಪುಗಳು. ಕಾನೂನು ನಿಲ್ಲುವ ಇಂಥ ಕವಲಿನಲ್ಲಿಯೇ ಮಾರುವವನ ಆತ್ಮಸಾಕ್ಷಿ ಕೆಲಸ ಮಾಡಬೇಕಾಗುತ್ತದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಕದ್ದು ತಂದುದನ್ನು ಕೊಳ್ಳುವ ‘ತದಾಹೃತಾದಾನ’ವೂ, ಅಸಲಿನ ಹೆಸರಿನಲ್ಲಿ ನಕಲಿಯನ್ನು ದಾಟಿಸುವ ‘ಪ್ರತಿರೂಪಕವ್ಯವಹಾರ’ವೂ ಸೇರಿವೆ. ಎಡೊ ನಗರದ ಅಧಿಕಾರಿಗಳ ಚಿಂತೆಯೂ ಪ್ಯಾರಿಸ್ ನ್ಯಾಯಾಲಯದ ಚಿಂತೆಯೂ ಈ ಎರಡು ಪದಗಳಲ್ಲಿ ಅಡಗಿವೆ. ಅಗ್ಗವಾಗಿ ಸಿಕ್ಕಿತೆಂದು ಮೂಲ ವಿಚಾರಿಸದೆ ಕೊಂಡವನೂ ದೋಷದಿಂದ ಹೊರತಲ್ಲವೆಂಬುದು ಗಮನಾರ್ಹ.

ಹೆಚ್ಚುವರಿಯ ಪ್ರಶ್ನೆ

ಇನ್ನೊಂದು ಅಪಾಯ ಸೂಕ್ಷ್ಮವಾದುದು. ‘ಬೇಡವಾದರೆ ಮಾರಿದರಾಯಿತು’ ಎಂಬ ಧೈರ್ಯವೇ ಹೊಸದನ್ನು ಕೊಳ್ಳಲು ಪ್ರೇರಣೆಯಾಗಬಹುದು. ಉಳಿತಾಯದ ಸಾಧನವೇ ವೆಚ್ಚವನ್ನು ಹೆಚ್ಚಿಸುವ ಈ ಪರಿಣಾಮವನ್ನು ಅರ್ಥಶಾಸ್ತ್ರಜ್ಞರು ಬಹುಕಾಲದಿಂದ ಬಲ್ಲರು. ಮಾರಿ ಬಂದ ಹಣ ಮರುದಿನವೇ ಮತ್ತೊಂದು ಉಡುಪಾದರೆ ಬೀರು ಖಾಲಿಯಾಗದು. ಒಳಗಿನ ಸರಕು ಮಾತ್ರ ಬದಲಾಗುತ್ತಿರುತ್ತದೆ.

ಯಾರೂ ಕೊಳ್ಳದೆ ಉಳಿದದ್ದರ ಗತಿಯೇನು? ಶ್ರೀಮಂತ ದೇಶಗಳ ಬೇಡವಾದ ಬಟ್ಟೆ ಮೂಟೆಗಳಾಗಿ ಆಫ್ರಿಕಕ್ಕೂ ದಕ್ಷಿಣ ಅಮೆರಿಕಕ್ಕೂ ಹೋಗುತ್ತದೆ. ಘಾನಾ ದೇಶದ ಅಕ್ರಾ ನಗರದ ಕಾಂತಮಾಂತೊ ಮಾರುಕಟ್ಟೆ ಇದರ ಬಹುದೊಡ್ಡ ಕೇಂದ್ರ. ಸತ್ತ ಬಿಳಿಯರ ಬಟ್ಟೆ ಎಂಬ ಅರ್ಥದ ಮಾತಿನಿಂದ ಅಲ್ಲಿನವರು ಇದನ್ನು ಕರೆಯುತ್ತಾರೆ. ಬದುಕಿರುವವರು ಇಷ್ಟೊಂದು ಬಟ್ಟೆಯನ್ನು ಬಿಸಾಡಲಾರರೆಂಬ ಊಹೆ ಆ ಹೆಸರಿನ ಹಿಂದಿದೆ. ಸಾವಿರಾರು ಜನ ಅಲ್ಲಿ ಹೊಲಿದು, ಒಗೆದು, ಬಣ್ಣ ಹಾಕಿ ಮಾರಿ ಜೀವಿಸುತ್ತಾರೆ. ಮಾರಲಾಗದ್ದು ಚರಂಡಿಗಳಲ್ಲಿ, ಕಡಲತೀರದಲ್ಲಿ ಬೀಳುತ್ತದೆ. 2025ರ ಜನವರಿಯ ಆರಂಭದಲ್ಲಿ ಬೆಂಕಿ ಬಿದ್ದು ಆ ಮಾರುಕಟ್ಟೆಯ ಬಹುಭಾಗ ಸುಟ್ಟುಹೋಯಿತು. 2016ರಲ್ಲಿ ಪೂರ್ವ ಆಫ್ರಿಕದ ದೇಶಗಳು ಹಳೆಬಟ್ಟೆಯ ಆಮದನ್ನು ಕ್ರಮೇಣ ನಿಲ್ಲಿಸಲು ನಿಶ್ಚಯಿಸಿದವು. ಸುಂಕವನ್ನು ಏರಿಸಿ ಪಟ್ಟುಹಿಡಿದ ರುವಾಂಡಾಕ್ಕೆ ಅಮೆರಿಕವು ಉಡುಪಿನ ರಫ್ತಿನಲ್ಲಿ ಕೊಡುತ್ತಿದ್ದ ಸುಂಕರಹಿತ ಸೌಲಭ್ಯವನ್ನು 2018ರಲ್ಲಿ ತಡೆಹಿಡಿಯಿತು. ಬಿಸಾಡುವವನ ಹಕ್ಕಿಗೆ ಇಷ್ಟು ಬಲ, ಬೇಡವೆನ್ನುವವನ ಹಕ್ಕಿಗೆ ಇಷ್ಟು ದಂಡ.

ಇದರಿಂದ ತಿಳಿಯುವುದೇನೆಂದರೆ, ಒಂದು ಬಟ್ಟೆಯನ್ನು ನೇರವಾಗಿ ಬೇಕಾದವರ ಕೈಗೆ ಮುಟ್ಟಿಸುವ ಮಾರಾಟವು ಗೊತ್ತುಗುರಿಯಿಲ್ಲದ ದಾನದ ಮೂಟೆಗಿಂತ ಎಷ್ಟೋ ವೇಳೆ ಉತ್ತಮ. ಅಲ್ಲಿ ಕೊಳ್ಳುವವನು ಆರಿಸಿಕೊಂಡಿರುತ್ತಾನೆ. ಆದರೆ ಆ ಮಾರಾಟ ಹೊಸ ಖರೀದಿಯ ನೆಪವಾಗಬಾರದು.

ಆಚಾರ್ಯ ಸಮಂತಭದ್ರರು ಒಮ್ಮೆ ಬಳಸಿ ಬಿಡುವುದನ್ನು ಭೋಗವೆಂದೂ, ಬಳಸಿ ಮತ್ತೆ ಬಳಸುವುದನ್ನು ಉಪಭೋಗವೆಂದೂ ವಿಂಗಡಿಸಿ, ಎರಡನೆಯದರಲ್ಲಿ ವಸ್ತ್ರವನ್ನು ಇಟ್ಟಿರುವರು. ಎರಡು ಸಲ ತೊಟ್ಟು ಬಿಸಾಡುವ ಇಂದಿನ ಉಡುಪು ಉಪಭೋಗದ ಪಂಕ್ತಿಯಿಂದ ಭೋಗದ ಪಂಕ್ತಿಗೆ ಇಳಿದಿದೆ. ಮರುಮಾರಾಟವು ಅದನ್ನು ಮತ್ತೆ ಮೇಲಕ್ಕೆ ತರಬಲ್ಲದು. ಅದಕ್ಕೆ ಪರಿಮಾಣವೊಂದು ಬೇಕು. ಮನೆಯ ಮಕ್ಕಳು ಈ ವ್ಯವಹಾರಕ್ಕೆ ಇಳಿಯುವುದಾದರೆ ಹಿರಿಯರು ಅವರನ್ನು ಗದರಿಸುವ ಬದಲು ಕೆಲವು ನಿಯಮಗಳನ್ನು ಹೇಳಿಕೊಡಬಹುದು. ಬೀರುವಿನಲ್ಲಿ ಎಷ್ಟು ಉಡುಪಿರಬೇಕೆಂಬ ಸಂಖ್ಯೆಯನ್ನು ಮೊದಲು ಗೊತ್ತುಮಾಡಿಕೊಳ್ಳುವುದು; ಒಂದು ಮಾರಿ ಹೋದ ಮೇಲೆಯೇ ಒಂದನ್ನು ಕೊಳ್ಳುವುದು; ದೋಷವನ್ನು ಗುಣಕ್ಕಿಂತ ಮೊದಲು ಬರೆಯುವುದು; ಮೂಲ ಸಂದೇಹವಿದ್ದ ವಸ್ತುವನ್ನು ಎಷ್ಟೇ ಅಗ್ಗವಾದರೂ ಬಿಡುವುದು; ಕೊಂಡದ್ದು, ಮಾರಿದ್ದು, ಎಷ್ಟು ಸಲ ಉಟ್ಟದ್ದು ಎಂಬ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು. ವರ್ಷದ ಕೊನೆಗೆ, ದೀಪಾವಳಿಯಲ್ಲಿ ಅಂಗಡಿಯ ಲೆಕ್ಕವನ್ನು ನೋಡುವಂತೆ, ಆ ಪುಸ್ತಕವನ್ನೂ ತೆರೆದು ನೋಡಲಿ.